ಬಾಣ ತಿರುಗಿ ಬರಬೇಕು: ಗಜನಿ ತೋರಿಸಿ ಪಾಠ ಮಾಡಿದ ನನ್ನ ಅನುಭವ

ಹತ್ತನೇ ತರಗತಿ ವಿಜ್ಞಾನದಲ್ಲಿ ‘ನಮ್ಮ ಪರಿಸರ’ ಅಂತ ಒಂದು ಪಾಠ ಇದೆ. ಅದರಲ್ಲಿ ಆಹಾರ ಸರಪಳಿ ಬರುತ್ತದೆ. ಹುಲ್ಲು, ಮಿಡತೆ, ಕಪ್ಪೆ, ಹಾವು. ಬಾಣವೆಲ್ಲ ಒಂದೇ ದಿಕ್ಕಿಗೆ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ಅಂಕವೂ ಬರುತ್ತದೆ. ಹಾವೇ ಇಲ್ಲದಿದ್ದರೆ ಹುಲ್ಲಿಗೆ ಏನಾಗ್ತದೆ ಅಂತ ಕೇಳಿ ನೋಡಿ, ಯಾರೂ ಕೈ ಎತ್ತುವುದಿಲ್ಲ.

ನಾನು ಕುಮಟಾ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಪಾಠಕ್ಕೆ ಸಿಸ್ಟಮ್ಸ್ ಥಿಂಕಿಂಗ್ ಹಚ್ಚಿ ನೋಡೋಣ ಅಂತ ಹೊರಟೆ. ಹೆಸರು ದೊಡ್ಡದು, ವಿಷಯ ಸರಳ. ಯಾವುದು ಯಾವುದನ್ನು ಹೆಚ್ಚು ಮಾಡುತ್ತದೆ, ಯಾವುದನ್ನು ಕಡಿಮೆ ಮಾಡುತ್ತದೆ, ಅದು ಸುತ್ತಿ ಬಂದು ಮೊದಲಿನದಕ್ಕೇ ಏನು ಮಾಡುತ್ತದೆ ಅಂತ ನೋಡುವುದು. ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ 1950ರ ದಶಕದಲ್ಲಿ ಕಾರ್ಖಾನೆಗಳ ಏರಿಳಿತ ಅರ್ಥ ಮಾಡಿಕೊಳ್ಳಲು ಶುರು ಮಾಡಿದ ದಾರಿ ಇದು. ವಯಸ್ಸಾದ ಮೇಲೆ ಅವರೇ ಇದನ್ನು ಶಾಲೆಗಳಿಗೆ ತರಲು ಓಡಾಡಿದರು.

ಉದಾಹರಣೆಗೆ ದೂರ ಹೋಗುವ ಅಗತ್ಯ ಬೀಳಲಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಘಟ್ಟ ಇಳಿದು ಸಮುದ್ರ ಸೇರುವ ಅಘನಾಶಿನಿ ಪಕ್ಕದಲ್ಲೇ ಇದೆ. ಅದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಅಳಿವೆ ಬದಿಯ ಗಜನಿ, ಅಂದರೆ ಉಪ್ಪುನೀರು ಬರುವ ತಗ್ಗಿನ ಗದ್ದೆಗಳಲ್ಲಿ, ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ. ಮಳೆನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ. ಕೊಯ್ಲಾದ ಮೇಲೆ ಉಪ್ಪುನೀರು ತಡೆಯುವ ಕಟ್ಟೆಯ ಬಾಗಿಲ ಹಲಗೆ ತೆಗೆದರೆ ಭರತದ ನೀರಿನ ಜೊತೆ ಸಿಗಡಿ, ಮೀನು ಒಳಗೆ ಬರುತ್ತವೆ. ಕೊಳೆತ ಭತ್ತದ ಕೂಳೆ ಅವಕ್ಕೆ ಮೇವು. ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಬಾಣ ತಿರುಗಿ ಬಂತು, ಅಲ್ವಾ?

ಈಗ ವಿಡಿಯೊ ವಿಷಯ. ಶಾಲೆಗೆ ಪ್ರೊಜೆಕ್ಟರ್ ಬಂದರೆ ನಾವು ಮೇಷ್ಟ್ರುಗಳು ಮಾಡುವ ಕೆಲಸ ಒಂದೇ. ಯಾವುದೋ ಕಾಡಿನ ಚೆಂದದ ವಿಡಿಯೊ ಹಾಕಿ ಹಿಂದಿನ ಬೆಂಚಲ್ಲಿ ಕೂರುವುದು. ವಿಡಿಯೊ ವಸ್ತುವನ್ನು ತೋರಿಸುತ್ತದೆ, ಸಂಬಂಧವನ್ನು ತೋರಿಸುವುದಿಲ್ಲ. ಅದನ್ನು ಮಕ್ಕಳೇ ಗೆರೆ ಎಳೆದು ಹುಡುಕಬೇಕು. ಅದಕ್ಕೇ ನಾನು ಮೊಬೈಲನ್ನು ಗಜನಿ ಕಟ್ಟೆಯ ಮೇಲೆ ಕಲ್ಲಿಗೆ ಆನಿಸಿ ಟೈಮ್‌ಲ್ಯಾಪ್ಸ್ ಹಾಕಿಟ್ಟೆ. ಇಳಿತದಿಂದ ಭರತಕ್ಕೆ ಸುಮಾರು ಆರು ತಾಸು ಬೇಕು. ಅದು ಪರದೆಯ ಮೇಲೆ ಒಂದು ನಿಮಿಷದೊಳಗೆ ಮುಗಿಯಿತು. ಕೆಸರಲ್ಲಿದ್ದ ಕೊಕ್ಕರೆಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ಮುಳುಗುತ್ತದೆ. ದಿನಾ ಕಾಣುವ ಜಾಗವೇ ಆದರೂ ಮಕ್ಕಳು ಕಣ್ಣು ಕೀಳದೆ ನೋಡಿದರು.

ಮೊದಲ ಸಲ ಸದ್ದಿಲ್ಲದೆ ಓಡಿಸುತ್ತೇನೆ. ಎರಡನೇ ಸಲ ಅಲ್ಲಲ್ಲಿ ನಿಲ್ಲಿಸುತ್ತೇನೆ. ನಿಲ್ಲಿಸಿದಾಗೊಮ್ಮೆ ಒಬ್ಬರು ಬೋರ್ಡಿಗೆ ಬಂದು ಒಂದೇ ಒಂದು ಬಾಣ ಹಾಕಬೇಕು. ವಿಡಿಯೊ ಓಡುವಾಗ ನಾನು ಮಾತಾಡುವುದಿಲ್ಲ. ನಾನು ಮಾತಾಡುವಾಗ ಪರದೆ ಕಪ್ಪು. ಸ್ಲೈಡ್ ಶೋದಲ್ಲಿ ಕೀಬೋರ್ಡಿನ ಬಿ ಒತ್ತಿದರೆ ಸಾಕು. ಪರದೆಯ ಸಾಲನ್ನೇ ನಾವೂ ಗಟ್ಟಿಯಾಗಿ ಓದುತ್ತಾ ಹೋದರೆ ಕಲಿಕೆಗೆ ಅಡ್ಡಿಯೇ ಜಾಸ್ತಿ ಅಂತ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ‘ಓದಿದ್ದು ಶೇ 10, ನೋಡಿದ್ದು ಶೇ 30 ನೆನಪಿರುತ್ತದೆ’ ಅಂತ ತರಬೇತಿಗಳಲ್ಲಿ ತೋರಿಸುವ ಪಟ್ಟಿಯನ್ನು ಮಾತ್ರ ನಂಬಬೇಡಿ. ಆ ಪಟ್ಟಿಗೆ ಹೆಸರು ಹೇಳುವ ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ‘ಅನುಭವದ ಶಂಕು’ ಚಿತ್ರದಲ್ಲಿ ಆ ಶೇಕಡಾ ಲೆಕ್ಕ ಇರಲೇ ಇಲ್ಲ. ಆಮೇಲೆ ಯಾರೋ ಸುಮ್ನೆ ಅಂಟಿಸಿದ್ದು.

ಬಾಣಕ್ಕೆ ಪ್ಲಸ್ ಅಥವಾ ಮೈನಸ್ ಹಾಕುವಲ್ಲಿ ಮಕ್ಕಳು ಎಡವುತ್ತಾರೆ. ಪ್ಲಸ್ ಅಂದರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲಿನದು ಏರಿದರೆ ಎರಡನೆಯದೂ ಏರುತ್ತದೆ, ಇಳಿದರೆ ಇಳಿಯುತ್ತದೆ ಅಂದರೆ ಪ್ಲಸ್. ಒಂದು ಏರಿದಾಗ ಇನ್ನೊಂದು ಇಳಿದರೆ ಮೈನಸ್. ಹೆಸರು ಬರೆಯುವಾಗಲೂ ‘ಕಟ್ಟೆ ಒಡೆಯಿತು’ ಅಂತ ಬರೆಯಬಾರದು, ‘ಕಟ್ಟೆಯ ಗಟ್ಟಿತನ’ ಅಂತ ಬರೆಯಬೇಕು. ಏರಿ ಇಳಿಯಲು ಬರುವಂಥ ಹೆಸರು ಬೇಕು. ಇಷ್ಟು ಮನಸ್ಸಿಗೆ ಹತ್ತಿದರೆ ಉಳಿದದ್ದು ಸಲೀಸು.

ಒಬ್ಬ ಹುಡುಗಿಯ ಅಜ್ಜಿಯ ಮಾತನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ತಂದಿದ್ದೆ. “ನಮ್ಮ ಕಾಲಕ್ಕೆ ಕಟ್ಟೆ ಕೆಲಸಕ್ಕೆ ಮನೆಗೊಂದು ಆಳು ಬರಬೇಕಾಗಿತ್ತು. ಈಗ ಯಾರನ್ನ ಕರೀತ್ರಿ ಮಾಸ್ತರೇ?” ಅನ್ನುತ್ತಾರೆ. ಅದನ್ನು ಕೇಳಿಸಿದ ಮೇಲೆ ಬೋರ್ಡಿನಲ್ಲಿ ಈ ಸುತ್ತು ಬಂತು. ಕಗ್ಗದ ಗದ್ದೆ ಕಡಿಮೆಯಾದರೆ ಕಟ್ಟೆಗೆ ಬರುವ ಜನ ಕಡಿಮೆ, ಪ್ಲಸ್. ಜನ ಕಡಿಮೆಯಾದರೆ ಕಟ್ಟೆಯ ಗಟ್ಟಿತನ ಕಡಿಮೆ, ಅದೂ ಪ್ಲಸ್. ಗಟ್ಟಿತನ ಕಡಿಮೆಯಾದರೆ ಮಳೆಗಾಲದಲ್ಲೂ ನುಗ್ಗುವ ಉಪ್ಪುನೀರು ಜಾಸ್ತಿ, ಮೈನಸ್. ಉಪ್ಪುನೀರು ಜಾಸ್ತಿಯಾದರೆ ಗದ್ದೆ ಮತ್ತೂ ಕಡಿಮೆ, ಮೈನಸ್. ಮೈನಸ್ ಎಣಿಸಿದರೆ ಎರಡು. ಸರಿಸಂಖ್ಯೆ ಬಂದರೆ ಆ ಸುತ್ತು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ, ಬೆಸ ಬಂದರೆ ಹಿಡಿತಕ್ಕೆ ತರುತ್ತದೆ.

ಆಗ ಒಬ್ಬ ಹುಡುಗ ಸರಿಯಾದ ಪ್ರಶ್ನೆ ಎತ್ತಿದ. “ಸರ್, ಶಕ್ತಿ ವಾಪಸ್ ಬರೋದಿಲ್ಲ ಅಂತ ಪುಸ್ತಕದಲ್ಲಿದೆ. ಮತ್ತೆ ಬಾಣ ಹೇಗೆ ತಿರುಗಿ ಬಂತು?” ಪುಸ್ತಕ ಹೇಳುವುದು ನಿಜ. ಪ್ರತಿ ಹಂತದಲ್ಲಿ ಸುಮಾರು ಶೇ 10ರಷ್ಟು ಶಕ್ತಿ ಮಾತ್ರ ಮುಂದಕ್ಕೆ ಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಶಾಖವಾಗಿ ಹೋಗುತ್ತದೆ. ತಿರುಗಿ ಬರುವುದು ಶಕ್ತಿಯಲ್ಲ. ಗೊಬ್ಬರದಂಥ ವಸ್ತು ಮತ್ತು ಒಂದರಿಂದ ಇನ್ನೊಂದರ ಮೇಲಾಗುವ ಪರಿಣಾಮ. ಅಂದಿನಿಂದ ಶಕ್ತಿಗೆ ಕೆಂಪು ಸೀಮೆಸುಣ್ಣ, ಪರಿಣಾಮಕ್ಕೆ ಬಿಳಿ. ಎರಡನ್ನೂ ಒಂದೇ ಬಣ್ಣದಲ್ಲಿ ಬರೆಸಿದರೆ ಪರೀಕ್ಷೆಯಲ್ಲಿ ಮಕ್ಕಳಿಗೇ ಪೆಟ್ಟು.

ಕರಾವಳಿಯ ಶಿಕ್ಷಕರಿಗೆ ಒಂದು ಮಾತು. ಜುಲೈನಲ್ಲಿ ಆಡಿಯೊ ನೆಚ್ಚಿಕೊಳ್ಳಬೇಡಿ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರ್ ಕೇಳುವುದಿಲ್ಲ, ಕರೆಂಟೂ ಇರುವುದಿಲ್ಲ. ಆಗ ಪ್ರಿಂಟ್ ಹಾಕಿದ ಫೋಟೊ, ದಾರ, ರಟ್ಟಿನ ಚೀಟಿ. ಅಜ್ಜಿಯ ದನಿ ಡಿಸೆಂಬರಿಗೆ.

ಅಳಿವೆಯ ಕೆಸರಲ್ಲಿ ಸಿಗುವ ಬಳಚು ಅನ್ನುವ ಚಿಪ್ಪುಜೀವಿಯ ಚಿತ್ರ ಬರೆದ ದಿನ ತರಗತಿಯಲ್ಲಿ ಜಗಳವೇ ಆಯಿತು. ಬಳಚು ಜಾಸ್ತಿಯಾದರೆ ಹೆಕ್ಕುವವರು ಜಾಸ್ತಿ, ಹೆಕ್ಕಿದಷ್ಟೂ ಬಳಚು ಕಡಿಮೆ. ಮೈನಸ್ ಒಂದೇ, ಹಾಗಾಗಿ ಹಿಡಿತದ ಸುತ್ತು. ಮರಿ ಬಳಚು ದೊಡ್ಡದಾಗಲು ಸಮಯ ಬೇಕು, ಆ ತಡದ ಗುರುತಿಗೆ ಬಾಣದ ಮೇಲೆ ಎರಡು ಅಡ್ಡಗೆರೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಅಮ್ಮನ ಜೊತೆ ಬಳಚು ಹೆಕ್ಕಲು ಹೋಗುವ ಹುಡುಗಿ ಎದ್ದು ನಿಂತಳು. “ಬಳಚು ಕಡಿಮೆ ಆದ್ರೆ ರೇಟು ಏರ್ತದೆ ಸರ್. ಆಗ ಇನ್ನೂ ಜಾಸ್ತಿ ಜನ ಇಳೀತಾರೆ.” ಅವಳ ಬಾಣ ಹಾಕಿದರೆ ಇನ್ನೊಂದು ಸುತ್ತು ಹುಟ್ಟಿತು, ಅದರಲ್ಲಿ ಮೈನಸ್ ಎರಡು. ಎರಡು ಸುತ್ತಿನಲ್ಲಿ ಯಾವುದು ಗೆಲ್ಲುತ್ತದೆ? ಬರೀ ಬಾಣದಿಂದ ಅದು ಗೊತ್ತಾಗುವುದಿಲ್ಲ, ಅಂಕಿ ಬೇಕು. ಬ್ರೌಸರಿನಲ್ಲಿ ಪುಕ್ಕಟೆ ಸಿಗುವ ಲೂಪಿ ಅನ್ನುವ ಸಾಧನದಲ್ಲಿ ಎರಡೂ ಸುತ್ತು ಬರೆದು ಓಡಿಸಿದೆವು. ಅದೂ ನಾವು ಕೊಟ್ಟ ಬಾಣವನ್ನೇ ಕುಣಿಸುತ್ತದೆ ಅಷ್ಟೆ. ಹಾಗಾಗಿ ಈಗ ಮೀನುಪೇಟೆಗೆ ಹೋಗುವ ಮನೆಯ ಮಕ್ಕಳು ವಾರಕ್ಕೊಮ್ಮೆ ಬಳಚಿನ ರೇಟು ಬರೆದು ತರುತ್ತಾರೆ. ಅಂದು ನೀರಿಗಿಳಿದವರು ಎಷ್ಟು ಜನ ಅನ್ನುವುದು ಆ ಹುಡುಗಿಯ ಪಾಲಿನ ಲೆಕ್ಕ.