ಸ್ಟುಡಿಯೋದ ಕಪಾಟಿನಿಂದ ಬಂದ ಯಾಶಿಕಾ ಮ್ಯಾಟ್-124ಜಿ

ಉಡುಪಿ ಜಿಲ್ಲೆಯ ಸಣ್ಣ ಪೇಟೆಯೊಂದರಲ್ಲಿ ಬಾಗಿಲು ಮುಚ್ಚಿದ್ದ ಸ್ಟುಡಿಯೋದ ಮರದ ಕಪಾಟಿನಿಂದ ಈ ಕ್ಯಾಮೆರಾ ನನ್ನ ಕೈಗೆ ಬಂತು. 1970ರಿಂದ 1986ರವರೆಗೆ ಜಪಾನಿನ ಯಾಶಿಕಾ ಕಂಪನಿ ತಯಾರಿಸಿದ ಈ ಅವಳಿ ಮಸೂರದ ಮಾದರಿಯನ್ನು ನಮ್ಮ ಕಡೆಯ ಸ್ಟುಡಿಯೋದವರು ಮದುವೆ, ಉಪನಯನ, ಶಾಲೆಯ ಗುಂಪು ಚಿತ್ರಗಳಿಗೆಲ್ಲ ಬಳಸುತ್ತಿದ್ದರು. ನಾನು ಮೊದಲು ಯಾಶಿಕಾ 635 ಹುಡುಕುತ್ತಿದ್ದೆ, ಅದು ಅಗ್ಗ. ಆದರೆ ಅದರ ಯಾಶಿಕೋರ್ ಮಸೂರದಲ್ಲಿ ಮೂರು ಗಾಜುಗಳಷ್ಟೇ ಇದ್ದು, ಫಿಲ್ಮ್ ಸುತ್ತುವುದು ಬೇರೆ, ಶಟರನ್ನು ಎಳೆದು ಕ್ಲಿಕ್ಕಿಗೆ ಸಿದ್ಧಗೊಳಿಸುವುದು ಬೇರೆ. 124ಜಿಯ 80 ಮಿ.ಮೀ. ಯಾಶಿನಾನ್ ಮಸೂರದಲ್ಲಿ ನಾಲ್ಕು ಗಾಜುಗಳಿವೆ, ಬದಿಯ ಹಿಡಿಕೆಯೊಂದೇ ಎರಡೂ ಕೆಲಸ ಮಾಡುತ್ತದೆ. ಇದೇ ಬಗೆಯ ಜರ್ಮನ್ ಕ್ಯಾಮೆರಾ ರೋಲೈಫ್ಲೆಕ್ಸ್‌ನ ಬೆಲೆ ಕೇಳಿದ ಮೇಲೆ ಆ ಆಸೆಯನ್ನು ಬಿಟ್ಟಿದ್ದೆ.

ನೋಡಲು ಹೋಗುವಾಗ ಒಂದು ಸಣ್ಣ ಟಾರ್ಚು, ಒಂದು ಭೂತಗನ್ನಡಿ ಮತ್ತು ಮೊಬೈಲು ಇಷ್ಟನ್ನೇ ಒಯ್ದಿದ್ದೆ. ಸ್ಟುಡಿಯೋದ ಯಜಮಾನರು ಎಪ್ಪತ್ತು ದಾಟಿದವರು. ಚರ್ಮದ ಕೇಸಿನ ಗುಂಡಿ ಬಿಚ್ಚುತ್ತಾ, "ನೋಡಿ ಮಾರಾಯ್ರೇ, ಹನ್ನೆರಡು ವರ್ಷದಿಂದ ಮುಟ್ಟಿದವರಿಲ್ಲ, ಆದರೆ ಚಾಲೂ ಉಂಟು" ಎಂದರು. ಹಳೆಯ ಕ್ಯಾಮೆರಾದ ವ್ಯವಹಾರದಲ್ಲಿ "ಚಾಲೂ ಉಂಟು" ಎಂಬುದಕ್ಕೆ ಗುಂಡಿ ಒತ್ತಿದರೆ ಕ್ಲಿಕ್ ಎನ್ನುತ್ತದೆ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲವೆಂದು ನನಗೆ ಗೊತ್ತಿತ್ತು. ಅವರು ಸುಳ್ಳನ್ನೇನೂ ಹೇಳಿರಲಿಲ್ಲ.

ಮೊದಲು ಗಾಜು ನೋಡಿದೆ. ಹಿಂಬಾಗಿಲು ತೆರೆದು, ಶಟರನ್ನು, ಗುಂಡಿ ಒತ್ತಿರುವಷ್ಟು ಹೊತ್ತು ತೆರೆದೇ ಇರುವ 'ಬಿ'ಗೆ ಇಟ್ಟು, ಬೆಳಕಿನ ಕಿಂಡಿಯಾದ ಅಪರ್ಚರನ್ನು 3.5ಕ್ಕೆ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚನ್ನು ಓರೆಯಾಗಿ ಹಿಡಿದರೆ ಒಳಗಿನ ಬಂಡವಾಳವೆಲ್ಲ ಕಾಣುತ್ತದೆ. ಧೂಳಿನ ಕಣಗಳಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ. ನೋಡಬೇಕಾದದ್ದು ಜೇಡರ ಬಲೆಯ ಎಳೆಗಳಂತೆ ಅಂಚಿನಿಂದ ಒಳಕ್ಕೆ ಹಬ್ಬುವ ಫಂಗಸ್. ಕರಾವಳಿಯಲ್ಲಿ ಚರ್ಮದ ಕೇಸಿನೊಳಗೆ ಹನ್ನೆರಡು ಮಳೆಗಾಲ ಕಳೆದ ಕ್ಯಾಮೆರಾದಲ್ಲಿ ಅದು ಇಲ್ಲದಿದ್ದರೆ ಆಶ್ಚರ್ಯಪಡಬೇಕು. ಮೇಲಿನ, ಅಂದರೆ ನಾವು ನೋಡುವುದಕ್ಕಷ್ಟೇ ಇರುವ ಮಸೂರದಲ್ಲಿ ಅದು ಧಾರಾಳವಾಗಿತ್ತು. ಕೆಳಗಿನ, ಚಿತ್ರ ತೆಗೆಯುವ ಮಸೂರದ ಒಂದು ಅಂಚಿನಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಜಾಗದಲ್ಲಿತ್ತು. ಸ್ಥಾನಗಳು ಅದಲುಬದಲಾಗಿದ್ದರೆ ನಾನು ಚಹಾ ಕುಡಿದು ಎದ್ದುಬರುತ್ತಿದ್ದೆ.

ಆಮೇಲೆ ಶಟರು. ಇದರಲ್ಲಿರುವ ಕೋಪಾಲ್ ಶಟರಿಗೆ 1 ಸೆಕೆಂಡಿನಿಂದ 1/500 ಸೆಕೆಂಡಿನವರೆಗೆ ವೇಗಗಳಿವೆ. ಎಣ್ಣೆ ಒಣಗಿ ಅಂಟಾದಾಗ ಮೊದಲು ಹದಗೆಡುವುದು ನಿಧಾನದ ವೇಗಗಳು. ಹಿಂದಿನಿಂದ ಬೆಳಕು ಬಿಟ್ಟು, ಮಸೂರದ ಎದುರು ಮೊಬೈಲಿಟ್ಟು, ಸೆಕೆಂಡಿಗೆ 240 ಚೌಕಟ್ಟುಗಳ ಸ್ಲೋ ಮೋಷನ್ ವೀಡಿಯೊ ತೆಗೆದು, ಶಟರ್ ತೆರೆದಿರುವ ಚೌಕಟ್ಟುಗಳನ್ನು ಎಣಿಸಿದರೆ ಲೆಕ್ಕ ಸಿಗುತ್ತದೆ: 1/30ಕ್ಕೆ 8 ಬರಬೇಕು, 1/8ಕ್ಕೆ 30, ಒಂದು ಸೆಕೆಂಡಿಗೆ 240. ನನಗೆ 1/30ಕ್ಕೆ 9 ಬಂತು, ಚಿಂತೆಯಿಲ್ಲ. ಒಂದು ಸೆಕೆಂಡಿಗೆ ಬಂದದ್ದು 410. 1/125ರಿಂದ ಮೇಲಕ್ಕೆ ಎರಡಕ್ಕಿಂತ ಹೆಚ್ಚು ಚೌಕಟ್ಟುಗಳೇ ಸಿಗದ ಕಾರಣ ಈ ವಿಧಾನವನ್ನು ಅಲ್ಲಿ ನಂಬುವಂತಿಲ್ಲ. ವೀಡಿಯೊವನ್ನು ಯಜಮಾನರಿಗೂ ತೋರಿಸಿದೆ. ಅವರು ತಮ್ಮ ಕ್ಯಾಮೆರಾದ ಹೊಟ್ಟೆಯೊಳಗನ್ನು ಮೊದಲ ಬಾರಿಗೆ ನೋಡುವವರಂತೆ ನೋಡಿ, 15,000 ರೂಪಾಯಿಯಿಂದ 11,000ಕ್ಕೆ ಇಳಿದರು.

ಮನೆಗೆ ತಂದ ಮೇಲೆ ಮೊದಲು ಬ್ಯಾಟರಿಯ ಗೂಡು ತೆರೆದೆ. ಒಳಗಿದ್ದ ಪಾದರಸದ ಸೆಲ್ ಸೋರಿ, ಸಂಪರ್ಕದ ತಗಡು ಹಸಿರುಗಟ್ಟಿತ್ತು. ಹತ್ತಿಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಉಜ್ಜಿದಾಗ ಅದು ಬಿಟ್ಟುಕೊಂಡಿತು. ಹಳೆಯ ಸೆಲ್ಲನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಕೊಟ್ಟೆ. ಇದರ ಬೆಳಕು ಅಳೆಯುವ ಮೀಟರನ್ನು 1.35 ವೋಲ್ಟಿನ ಪಾದರಸದ ಸೆಲ್ಲಿಗಾಗಿ ರೂಪಿಸಿದ್ದಾರೆ, ಅದು ಈಗ ಬರುವುದಿಲ್ಲ. 1.5 ವೋಲ್ಟಿನ ಸಾಮಾನ್ಯ ಸೆಲ್ ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ. ಶ್ರವಣಸಾಧನಕ್ಕೆ ಹಾಕುವ 675 ಸಂಖ್ಯೆಯ ಜಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುವುದರಿಂದ ಅದರ ಸುತ್ತ ಒಂದು ರಬ್ಬರ್ ಬಳೆ ತೊಡಿಸಿ ಕೂರಿಸಿದೆ. ಮೇಲ್ಭಾಗದ ಮಡಚುವ ಮುಚ್ಚಳವಾದ ಹುಡ್ ತೆರೆದೊಡನೆ ಮೀಟರಿನ ಮುಳ್ಳು ಅಲುಗಿದ್ದು ಕಂಡು ಆದ ಸಂತೋಷ ಅಷ್ಟಿಷ್ಟಲ್ಲ.

ಹಿಂಬಾಗಿಲ ಅಂಚಿನಲ್ಲಿ ಬೆಳಕು ತಡೆಯಲು ಅಂಟಿಸಿದ್ದ ಸ್ಪಂಜು ಕರಗಿ ಕಾಡಿಗೆಯಂತಾಗಿತ್ತು. ಅದನ್ನು ಕೆರೆಯುವಾಗ ಕ್ಯಾಮೆರಾವನ್ನು ಬೋರಲು ಹಿಡಿಯಬೇಕು, ಇಲ್ಲವಾದರೆ ಪುಡಿಯೆಲ್ಲ ಮಸೂರದ ಮೇಲೆ ಬೀಳುತ್ತದೆ. ಬಿದಿರಿನ ಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆಯಾಗಿ ಹೆರೆದು, ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ತೇವ ಮಾಡಿ, ಎರಡು ಸಂಜೆ ಕೂತು ತೆಗೆದೆ. ಸಂದಿಗೆ ಕಪ್ಪು ಉಣ್ಣೆಯ ದಾರ, ಕೀಲಿನ ಬಳಿ ಅಂಟು ಬೆನ್ನಿನ ಕಪ್ಪು ಮಖಮಲ್ ಪಟ್ಟಿ ಹಾಕಿದೆ.

ಒಂದು ತಪ್ಪನ್ನು ಇಲ್ಲೇ ಒಪ್ಪಿಕೊಳ್ಳಬೇಕು. ಮೇಲಿನ ಮಸೂರದ ಹಿಂದಿರುವ ಕನ್ನಡಿ ಮಂಕಾಗಿದೆಯೆಂದು ಅಂಗಿಯ ಚುಂಗಿನಿಂದ ಒರೆಸಿದೆ. ಮನೆಯ ಕನ್ನಡಿಗೆ ಲೇಪನ ಗಾಜಿನ ಹಿಂದಿರುತ್ತದೆ, ಇಂತಹ ಕ್ಯಾಮೆರಾದ ಕನ್ನಡಿಗೆ ಮುಂದಿರುತ್ತದೆ. ಒಂದೇ ಎಳೆತಕ್ಕೆ ಬೆಕ್ಕು ಪರಚಿದಂತೆ ಮೂರು ಗೀರು ಬಿದ್ದವು. ಚಿತ್ರಕ್ಕೆ ಇದರಿಂದ ಏನೂ ಆಗುವುದಿಲ್ಲ, ನೋಡುವಾಗ ಮಾತ್ರ ಅವು ನನ್ನನ್ನು ಇಂದಿಗೂ ಅಣಕಿಸುತ್ತವೆ. ಆಮೇಲಿಂದ ಅಲ್ಲಿಗೆ ಗಾಳಿಯ ಬಲ್ಬು ಬಿಟ್ಟು ಬೇರೇನನ್ನೂ ಒಯ್ದಿಲ್ಲ.

ಶಟರನ್ನು ಬಿಚ್ಚುವ ಧೈರ್ಯ ನನಗಿರಲಿಲ್ಲ. ಬೆಂಗಳೂರಿನ ಒಬ್ಬ ರಿಪೇರಿಯವರಿಗೆ ಕೊಟ್ಟೆ. ಅವರು ಮುಂಭಾಗ ಬಿಚ್ಚಿ, ನಿಧಾನದ ವೇಗದ ಹಲ್ಲುಚಕ್ರಗಳನ್ನು ತೊಳೆದು, ಎರಡೂ ಮಸೂರಗಳ ಫಂಗಸ್ ತೆಗೆದು ಕೊಟ್ಟರು. ಒಂದು ಸೆಕೆಂಡು 246 ಚೌಕಟ್ಟುಗಳಿಗೆ ಬಂತು. ಆಗ ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮಿನ ರೋಲ್ ಹಾಕಿ, ಟ್ರೈಪಾಡಿನ ಮೇಲಿಟ್ಟು, ಅಂಗಳದ ತುಳಸಿಕಟ್ಟೆಗೆ ಫೋಕಸ್ ಮಾಡಿ ಮೊದಲ ಚಿತ್ರ ತೆಗೆದೆ. ಫಿಲ್ಮ್ ತೊಳೆದು ಭೂತಗನ್ನಡಿಯಲ್ಲಿ ನೋಡಿದರೆ ತುಳಸಿಯ ಎಲೆಗಳು ಮಸಕಾಗಿದ್ದವು, ಹಿಂದೆ ನಿಂತಿದ್ದ ಅಡಿಕೆ ಮರದ ಮೈಮೇಲಿನ ಉಂಗುರಗಳು ಒಂದೊಂದಾಗಿ ಎಣಿಸುವಂತಿದ್ದವು.

ಅವಳಿ ಮಸೂರದ ಕ್ಯಾಮೆರಾ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದನ್ನು ನಾನು ಕೊನೆಗೆ ಕಲಿತೆ. ಮೇಲಿನ ಮಸೂರ ನಮಗೆ ತೋರಿಸುವುದು ಒಂದು, ಕೆಳಗಿನದು ಫಿಲ್ಮಿನ ಮೇಲೆ ಬೀಳಿಸುವುದು ಇನ್ನೊಂದು. ಇಬ್ಬರೂ ಒಂದೇ ಮಾತು ಹೇಳಬೇಕೆಂಬ ನಿಯಮವನ್ನು ಕಾಯುವುದು ಕೆಲವು ತಿರುಪುಗಳು ಮಾತ್ರ. ತೊಳೆದು ಮರುಜೋಡಿಸುವಾಗ ಅದು ತಪ್ಪಿತೋ, ಹಿಂದೆಯೇ ಯಾರೋ ತಪ್ಪಿಸಿದ್ದರೋ ಹೇಳಲಾರೆ, ಏಕೆಂದರೆ ಕೊಡುವ ಮೊದಲು ನಾನೇ ಪರೀಕ್ಷಿಸಿರಲಿಲ್ಲ. ಹಿಂಬಾಗಿಲ ಒಳಗೆ ಫಿಲ್ಮನ್ನು ಒತ್ತಿ ಹಿಡಿಯುವ ತಗಡು 220 ಫಿಲ್ಮಿನ ಸ್ಥಾನಕ್ಕೆ ಜಾರಿದೆಯೇ ಎಂದು ಮೊದಲು ನೋಡಿದೆ. ನಾನು ಹಾಕುವ 120 ರೋಲಿನಲ್ಲಿರುವಂತೆ 220ರಲ್ಲಿ ಫಿಲ್ಮಿನ ಬೆನ್ನಿಗೆ ಕಾಗದವಿಲ್ಲದ ಕಾರಣ ಆ ಸ್ಥಾನ ಬೇರೆ. ತಗಡು ಸರಿಯಾಗಿ 120ರಲ್ಲೇ ಇತ್ತು.

ಫೋಟೋ ಫ್ರೇಮ್ ಅಂಗಡಿಯಲ್ಲಿ ಗಾಜಿನ ತುಂಡೊಂದನ್ನು 120 ಫಿಲ್ಮಿನಷ್ಟೇ, ಅಂದರೆ 61 ಮಿ.ಮೀ. ಅಗಲಕ್ಕೆ ಕೊಯ್ಸಿ, ಅದರ ಒಂದು ಮುಖಕ್ಕೆ ಮಂಜಿನಂತೆ ಕಾಣುವ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಅಂಟಿಸಿದೆ. ಫಿಲ್ಮ್ ಹಾಯುವ ಕಿಂಡಿಯ ಎರಡೂ ಬದಿಗೆ ಎರಡೆರಡು ಹಳಿಗಳಿರುತ್ತವೆ. ಹೊರಗಿನವು ಎತ್ತರ, ಅವುಗಳ ಮೇಲೆ ತಗಡು ಕೂರುತ್ತದೆ. ಒಳಗಿನವು ತಗ್ಗು, ಅವುಗಳ ಮೇಲೆ ಫಿಲ್ಮ್ ಹಾಯುತ್ತದೆ. ಗಾಜು ಒಳಗಿನ ಹಳಿಗಳ ಮೇಲೆಯೇ, ಅಂಟುಪಟ್ಟಿಯ ಮುಖ ಮಸೂರದ ಕಡೆಗಿರುವಂತೆ ಕೂರಬೇಕು. ಹೊರಗಿನ ಹಳಿಗಳ ಮೇಲಿಟ್ಟು ನೋಡಿ ಒಂದು ಮಧ್ಯಾಹ್ನವನ್ನೇ ಹಾಳು ಮಾಡಿಕೊಂಡೆ.

ಕೇಬಲ್ ರಿಲೀಸಿನಿಂದ ಶಟರನ್ನು 'ಬಿ'ಯಲ್ಲಿ ತೆರೆದಿಟ್ಟು, ಫೋಕಸ್ ಗುಬುಟನ್ನು ಅನಂತದ ಗುರುತಿಗೆ ತಿರುಗಿಸಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ದೂರದ ಮೊಬೈಲ್ ಟವರನ್ನು ಭೂತಗನ್ನಡಿಯಲ್ಲಿ ನೋಡಿದೆ. ಕೆಳಗಿನ ಮಸೂರದಲ್ಲಿ ಟವರಿನ ಅಡ್ಡಪಟ್ಟಿಗಳು ಚೊಕ್ಕವಾಗಿದ್ದವು, ಮೇಲಿನದರಲ್ಲಿ ಮಸಕಾಗಿದ್ದವು. ಎಂದರೆ ದೋಷ ಮೇಲಿನದರದ್ದೇ, ಚಿತ್ರ ತೆಗೆಯುವ ಮಸೂರವನ್ನು ಮುಟ್ಟಬೇಕಾಗಿಲ್ಲ. ಮುಂಭಾಗದ ಫಲಕ ತೆಗೆದು, ಮೇಲಿನ ಮಸೂರವನ್ನು ಹಿಡಿದಿರುವ ಪುಟ್ಟ ತಿರುಪುಗಳನ್ನು ಸಡಿಲಿಸಿ, ಅದನ್ನು ಅದರ ಎಳೆಯಲ್ಲೇ ಒಳಕ್ಕೆ ತಿರುಗಿಸಿದೆ. ಕಾಲು ಸುತ್ತಿಗೂ ಕಡಿಮೆ ಸಾಕಾಯಿತು. ಬಳಿಕ ಒಂದು ಮೀಟರ್ ದೂರದಲ್ಲಿ ಪಂಚಾಂಗದ ಪುಟವೊಂದನ್ನು ಗೋಡೆಗೆ ಅಂಟಿಸಿ ಎರಡರಲ್ಲೂ ಅಕ್ಷರಗಳು ಒಟ್ಟಿಗೇ ಮೂಡುತ್ತವೆಯೇ ಎಂದು ನೋಡಿ, ಮತ್ತೆ ಟವರು, ಮತ್ತೆ ಪಂಚಾಂಗ ಹೀಗೆ ನಾಲ್ಕು ಬಾರಿ ಓಡಾಡಿದ ಮೇಲೆ ತಿರುಪು ಬಿಗಿದೆ. ಅವು ಸಡಿಲವಾಗದಂತೆ ಹೆಂಡತಿಯ ಉಗುರುಬಣ್ಣದ ಒಂದೊಂದು ಹನಿ.

ಎರಡನೆಯ ರೋಲನ್ನು ಐಡಿ-11 ಎಂಬ ಡೆವಲಪರ್ ದ್ರಾವಣದಲ್ಲಿ ಒಂದಕ್ಕೊಂದು ನೀರು ಬೆರೆಸಿ, ಐಸ್ ಹಾಕಿ 20 ಡಿಗ್ರಿಗೆ ತಂದು, 13 ನಿಮಿಷ ತೊಳೆದೆ. 56 ಮಿ.ಮೀ. ಚದರದ ನೆಗೆಟಿವಿನಲ್ಲಿ ತುಳಸಿಯ ಕದಿರಿನ ಒಂದೊಂದು ಹೂವೂ ಬಿಡಿಬಿಡಿಯಾಗಿತ್ತು, ಅಡಿಕೆ ಮರ ಹಿಂದಕ್ಕೆ ಸರಿದು ಮೆತ್ತಗಾಗಿತ್ತು. ಏಳನೆಯ ಮತ್ತು ಎಂಟನೆಯ ಚಿತ್ರಗಳ ನಡುವಿನ ಅಂತರ ಮಾತ್ರ ಕೂದಲೆಳೆಯಷ್ಟಿದೆ. ಅದನ್ನು ಸರಿಪಡಿಸಲು ಬದಿಯ ಫಲಕ ಬಿಚ್ಚಬೇಕಾಗುತ್ತದೆ. ಕತ್ತರಿಸುವಾಗ ಕೈ ನಡುಗದಂತೆ ನೋಡಿಕೊಳ್ಳುವುದೇ ಸುಲಭವೆಂದು ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಚರ್ಮದ ಕೇಸನ್ನು ಬೇರೆಡೆ ಇಟ್ಟು, ಕ್ಯಾಮೆರಾವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ, ಮೀಟರ್ ಚಾಲೂ ಆಗದಂತೆ ಹುಡ್ ಮುಚ್ಚಿ ಇಟ್ಟಿದ್ದೇನೆ.