ಒಂದೇ ಟಾಮ್‌ಕ್ಯಾಟ್, ಮೂರು ವಾರ್, ಎಲ್ಲಕ್ಕೂ ಒಂದೇ ಕ್ಯಾಶ್

ಆರ್ಡರ್, ಬಿಲ್ಲಿಂಗ್, ರಿಪೋರ್ಟ್ ಎಂಬ ಮೂರು ವೆಬ್ ಸರ್ವಿಸ್‌ಗಳು. ಮೂರು ವಾರ್ ಫೈಲ್‌ಗಳಾಗಿದ್ದರೂ (WAR, ಜಾವಾ ವೆಬ್ ಅಪ್ಲಿಕೇಶನ್‌ನ ಪ್ಯಾಕೇಜ್) ಓಡುವುದು ಟಾಮ್‌ಕ್ಯಾಟ್ ಎಂಬ ಒಂದೇ ಜಾವಾ ವೆಬ್ ಸರ್ವರ್‌ನಲ್ಲಿ, ಮೂರಕ್ಕೂ ಬೇಕಾದದ್ದು ಒಂದೇ ದರಪಟ್ಟಿ. ಪ್ರತಿಯೊಂದೂ ಅದನ್ನು ಡೇಟಾಬೇಸಿನಿಂದ ತಾನೇ ಓದಿ ಇಟ್ಟುಕೊಂಡರೆ ಹೀಪ್‌ನಲ್ಲಿ (ಜಾವಾ ಆಬ್ಜೆಕ್ಟ್‌ಗಳು ಇರುವ ಮೆಮೊರಿ) ಮೂರು ಪ್ರತಿ ಕೂರುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೂರೂ ಬೇರೆಬೇರೆ ಹೊತ್ತಿಗೆ ರಿಫ್ರೆಶ್ ಆಗಿ ಆರ್ಡರ್ ಹೊಸ ದರ ತೋರಿಸುವಾಗ ಬಿಲ್ಲಿಂಗ್ ಹಳೆಯದನ್ನೇ ಹಾಕುತ್ತದೆ. ಹಾಗಾಗಿ ಪಟ್ಟಿಯನ್ನು ಒಂದೇ ಕಡೆ ಕ್ಯಾಶ್ ಆಗಿ, ಅಂದರೆ ಮೆಮೊರಿಯಲ್ಲಿ ಸಿದ್ಧ ಪ್ರತಿಯಾಗಿ, ಇಟ್ಟು ಮೂರಕ್ಕೂ ಹಂಚಿದೆ.

ಸ್ಟ್ಯಾಟಿಕ್ ಮ್ಯಾಪ್ (ಒಂದು ಕ್ಲಾಸ್‌ಗೆ ಒಂದೇ ಇರುವ ಕೀ-ವ್ಯಾಲ್ಯೂ ಪಟ್ಟಿ) ಇರುವ ಒಂದು ಜಾರ್ (ಜಾವಾ ಲೈಬ್ರರಿ ಫೈಲ್) ಮಾಡಿ ಮೂರೂ ವಾರ್‌ಗಳ ವೆಬ್-ಇನ್ಫ್ ಲಿಬ್‌ಗೆ (ವಾರ್‌ನ ಸ್ವಂತ ಲೈಬ್ರರಿ ಫೋಲ್ಡರ್) ಹಾಕಿದರೆ ಕೆಲಸ ಆಗುವುದಿಲ್ಲ. ಜಾವಾ ಕೋಡ್ ಓಡಿಸುವ ಜೆವಿಎಂ ಒಂದು ಕ್ಲಾಸನ್ನು ಗುರುತಿಸುವುದು ಹೆಸರು ಮತ್ತು ಅದನ್ನು ಲೋಡ್ ಮಾಡಿದ ಕ್ಲಾಸ್‌ಲೋಡರ್, ಎರಡನ್ನೂ ಸೇರಿಸಿ. ಪ್ರತಿ ವಾರ್‌ಗೂ ತನ್ನದೇ ಲೋಡರ್ ಇರುವುದರಿಂದ ಮೂರು ಕ್ಲಾಸ್, ಮೂರು ಮ್ಯಾಪ್ ಆಗುತ್ತವೆ. ಎರರ್ ಏನೂ ಬರುವುದಿಲ್ಲ, ಅದೇ ಇದರ ಅಪಾಯ.

ನಾನು ಆ ಜಾರ್ ಅನ್ನು ವಾರ್‌ಗಳ ಹೊರಗೆ ಇಟ್ಟೆ. ಟಾಮ್‌ಕ್ಯಾಟ್‌ನ ಕಾನ್ಫ್ ಫೋಲ್ಡರ್‌ನಲ್ಲಿರುವ ಕ್ಯಾಟಲಿನಾ ಪ್ರಾಪರ್ಟೀಸ್ (catalina.properties) ಫೈಲಿನಲ್ಲಿ ಶೇರ್ಡ್ ಲೋಡರ್ (shared.loader) ಎಂಬ ಸಾಲು ಖಾಲಿ ಇರುತ್ತದೆ. ಅಲ್ಲಿ ಕ್ಯಾಟಲಿನಾ ಬೇಸ್‌ನ (ಈ ಟಾಮ್‌ಕ್ಯಾಟ್‌ನ ಮೂಲ ಫೋಲ್ಡರ್) ಕೆಳಗೆ ಮಾಡಿಕೊಂಡ ಶೇರ್ಡ್ ಲಿಬ್ ಫೋಲ್ಡರ್‌ನ ದಾರಿಯನ್ನು ಕೊನೆಗೆ /*.jar ಸೇರಿಸಿ ಕೊಟ್ಟು, ಜಾರ್ ಅನ್ನು ಅದರೊಳಗೆ ಹಾಕಿ ರೀಸ್ಟಾರ್ಟ್ ಮಾಡಿದರಾಯಿತು. ಟಾಮ್‌ಕ್ಯಾಟ್‌ನ ಸ್ವಂತ ಲಿಬ್ ಫೋಲ್ಡರ್‌ಗೂ ಹಾಕಬಹುದು, ಆದರೆ ಸರ್ವರ್‌ನ ಜಾರ್‌ಗಳ ಜೊತೆ ನಮ್ಮದನ್ನು ಬೆರೆಸದಿದ್ದರೆ ಅಪ್‌ಗ್ರೇಡ್ ವೇಳೆ ನೆಮ್ಮದಿ. ಬಿಲ್ಡ್ ಸಾಧನವಾದ ಮೇವನ್‌ನಲ್ಲಿ ಈ ಡಿಪೆಂಡೆನ್ಸಿಯ ಸ್ಕೋಪ್ ಪ್ರೊವೈಡೆಡ್ (ಕಂಪೈಲ್‌ಗೆ ಬೇಕು, ವಾರ್‌ನೊಳಗೆ ಸೇರಿಸಬೇಡ ಎಂದರ್ಥ) ಆಗಿರಲೇಬೇಕು. ಟಾಮ್‌ಕ್ಯಾಟ್ ಮೊದಲು ವಾರ್‌ನ ಒಳಗೇ ಹುಡುಕುತ್ತದೆ. ಅಲ್ಲಿ ಒಂದು ಪ್ರತಿ ಉಳಿದಿದ್ದರೂ ಆ ಸರ್ವಿಸ್ ಸದ್ದಿಲ್ಲದೆ ತನ್ನದೇ ಮ್ಯಾಪ್ ಬಳಸತೊಡಗುತ್ತದೆ. ಇದನ್ನು ಹಿಡಿಯಲು ಪ್ರತಿ ಸರ್ವಿಸ್ ಶುರುವಾದಾಗ ಕ್ಯಾಶ್ ಕ್ಲಾಸ್‌ನ ಲೋಡರ್ ಮತ್ತು ಅದರ ಐಡೆಂಟಿಟಿ ಹ್ಯಾಶ್‌ಕೋಡ್ (ಆಬ್ಜೆಕ್ಟ್‌ಗೆ ಜೆವಿಎಂ ಕೊಡುವ ಗುರುತಿನ ಸಂಖ್ಯೆ) ಲಾಗ್‌ಗೆ ಬರೆಸುತ್ತೇನೆ. ಮೂರೂ ಕಡೆ ಒಂದೇ ಬರಬೇಕು.

ಹಂಚುವ ಜಾರ್‌ನೊಳಗೆ ಇರುವುದು ಒಂದು ಅಟಾಮಿಕ್ ರೆಫರೆನ್ಸ್ (ಒಂದೇ ಹೆಜ್ಜೆಯಲ್ಲಿ ಬದಲಿಸಬಲ್ಲ ಸೂಚಕ), ಒಂದು ಸ್ನ್ಯಾಪ್‌ಶಾಟ್ ಕ್ಲಾಸ್, ಅಷ್ಟೇ. ಸ್ನ್ಯಾಪ್‌ಶಾಟ್‌ನಲ್ಲಿ ಮ್ಯಾಪ್, ಆವೃತ್ತಿ ಸಂಖ್ಯೆ, ಲೋಡ್ ಆದ ಸಮಯ. ಜಾರ್ ಬದಲಾದರೆ ಇಡೀ ಟಾಮ್‌ಕ್ಯಾಟ್ ರೀಸ್ಟಾರ್ಟ್ ಬೇಕಾಗುವುದರಿಂದ ಅದು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಮ್ಯಾಪ್‌ನ ಕೀ ಮತ್ತು ವ್ಯಾಲ್ಯೂ ಸ್ಟ್ರಿಂಗ್, ಲಾಂಗ್, ಬಿಗ್‌ಡೆಸಿಮಲ್‌ನಂಥ ಜೆಡಿಕೆಯ (ಜಾವಾದ ಮೂಲ ಕಿಟ್) ಸ್ವಂತ ಟೈಪ್‌ಗಳಾಗಿರಬೇಕು. ವಾರ್‌ನೊಳಗಿನ ಕ್ಲಾಸ್‌ನ ಒಂದೇ ಒಂದು ಆಬ್ಜೆಕ್ಟ್ ಅದರಲ್ಲಿ ಸೇರಿದರೂ ಎರಡು ತೊಂದರೆ. ಇನ್ನೊಂದು ಸರ್ವಿಸ್ ಅದನ್ನು ತೆಗೆದು ಅದೇ ಕ್ಲಾಸ್‌ನ ತನ್ನ ಪ್ರತಿಗೆ ಕ್ಯಾಸ್ಟ್ ಮಾಡಿದಾಗ (ಟೈಪ್ ಬದಲಿಸಿದಾಗ) ಕ್ಲಾಸ್‌ಕ್ಯಾಸ್ಟ್ ಎಕ್ಸೆಪ್ಶನ್ ಬರುತ್ತದೆ, ಎರಡೂ ಬದಿ ಒಂದೇ ಹೆಸರು ಕಾಣುವುದರಿಂದ ನೋಡಿದವರು ಗೊಂದಲಕ್ಕೆ ಬೀಳುತ್ತಾರೆ. ಎರಡನೆಯದು ನಿಧಾನದ ವಿಷ. ಆಬ್ಜೆಕ್ಟ್ ತನ್ನ ಕ್ಲಾಸನ್ನು, ಕ್ಲಾಸ್ ತನ್ನ ಲೋಡರನ್ನು ಹಿಡಿದಿರುತ್ತದೆ. ವಾರ್ ರೀಡೆಪ್ಲಾಯ್ (ತೆಗೆದು ಮತ್ತೆ ಹಾಕುವುದು) ಮಾಡಿದರೂ ಹಳೆಯ ಲೋಡರ್ ಬಿಡುಗಡೆಯಾಗದೆ, ಪ್ರತಿ ಸಲ ಮೆಟಾಸ್ಪೇಸ್ (ಕ್ಲಾಸ್‌ಗಳ ವಿವರ ಇರುವ ಮೆಮೊರಿ) ಬೆಳೆದು ಕೊನೆಗೆ ಔಟ್ ಆಫ್ ಮೆಮೊರಿ. ಕ್ಯಾಶ್‌ಗೆ ವಾರ್‌ನಿಂದ ಕೊಟ್ಟ ಲ್ಯಾಂಬ್ಡಾ, ಲಿಸನರ್‌ಗಳಂಥ ಕೋಡ್ ತುಣುಕುಗಳಿಗೂ ಇದೇ ಮಾತು.

ಹಾಗಾಗಿ ಡೇಟಾ ಓದುವ ಕೋಡ್ ಮತ್ತು ಟೈಮರ್ ಎರಡೂ ಆರ್ಡರ್ ಸರ್ವಿಸ್‌ನ ಒಳಗೇ ಇವೆ. ಅದು ಹೊಸ ಹ್ಯಾಶ್‌ಮ್ಯಾಪ್ ತುಂಬಿ, ಜಾವಾ 10ರಿಂದ ಇರುವ ಮ್ಯಾಪ್ ಕಾಪಿಆಫ್‌ನಿಂದ ಬದಲಾಗದ ಪ್ರತಿ ಮಾಡಿ, ರೆಫರೆನ್ಸನ್ನು ಒಮ್ಮೆಗೇ ಬದಲಿಸುತ್ತದೆ. ಹಲವು ಥ್ರೆಡ್‌ಗಳು ಒಟ್ಟಿಗೇ ಬಳಸಬಲ್ಲ ಕಾನ್‌ಕರೆಂಟ್ ಹ್ಯಾಶ್‌ಮ್ಯಾಪ್ ಅನ್ನು ಸಾಲುಸಾಲಾಗಿ ತಿದ್ದಿದರೆ ಪ್ರತಿ ಸಾಲೂ ಸುರಕ್ಷಿತವೇ, ಆದರೆ ಓದುವವರಿಗೆ ಅರ್ಧ ಹಳೆಯ ಅರ್ಧ ಹೊಸ ಪಟ್ಟಿ ಸಿಗುತ್ತದೆ. ಓದುವ ಕಡೆಯೂ ಒಂದು ಶಿಸ್ತು ಬೇಕು: ವಿನಂತಿಯ ಆರಂಭದಲ್ಲಿ ರೆಫರೆನ್ಸನ್ನು ಒಮ್ಮೆ ತೆಗೆದು ಲೋಕಲ್ ವೇರಿಯಬಲ್‌ನಲ್ಲಿಟ್ಟು ಕೊನೆವರೆಗೂ ಅದನ್ನೇ ಬಳಸಬೇಕು. ಬದಲಾಯಿಸುವ ಹೊತ್ತಿಗೆ ಎರಡು ಪ್ರತಿ ಇರುವುದರಿಂದ ಹೀಪ್ ಲೆಕ್ಕವನ್ನು ಪಟ್ಟಿಯ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚಿಗೆ ಹಾಕಿ. ಕಾಪಿಆಫ್ ನಲ್ (ಇಲ್ಲದ ಮೌಲ್ಯ) ಒಪ್ಪುವುದಿಲ್ಲ, ಡೇಟಾಬೇಸ್ ಕಾಲಂ ಖಾಲಿಯಿದ್ದರೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಖಚಿತ. ಕ್ವೆರಿ ವಿಫಲವಾದರೆ ಅಥವಾ ಸೊನ್ನೆ ಸಾಲು ಬಂದರೆ ಹಳೆಯ ಸ್ನ್ಯಾಪ್‌ಶಾಟ್ ಹಾಗೇ ಇರಲಿ. ಕಾಂಟೆಕ್ಸ್ಟ್ (ಟಾಮ್‌ಕ್ಯಾಟ್‌ನಲ್ಲಿ ಓಡುತ್ತಿರುವ ವಾರ್) ನಿಲ್ಲುವಾಗ ಟೈಮರ್ ನಿಲ್ಲಿಸುವುದೂ ಕಡ್ಡಾಯ, ಇಲ್ಲವಾದರೆ ಆ ಥ್ರೆಡ್ಡೇ ಲೋಡರನ್ನು ಹಿಡಿದುಕೊಳ್ಳುತ್ತದೆ.

ವಾರ್‌ಗಳು ಇಂಥದೇ ಕ್ರಮದಲ್ಲಿ ಶುರುವಾಗುತ್ತವೆಂದು ನಂಬುವ ಹಾಗಿಲ್ಲ. ಬಿಲ್ಲಿಂಗ್‌ನ ಆರಂಭದ ಕೋಡ್‌ನಲ್ಲಿ ಡೇಟಾಗಾಗಿ ಕಾಯುವಂತೆ ಬರೆದರೆ ಸರ್ವರ್ ಅಲ್ಲೇ ನಿಂತುಬಿಡಬಹುದು. ಡೀಫಾಲ್ಟ್ ಆಗಿ ಟಾಮ್‌ಕ್ಯಾಟ್ ಅವುಗಳನ್ನು ಒಂದಾದ ಮೇಲೊಂದು ಎಬ್ಬಿಸುತ್ತದೆ, ಆರ್ಡರ್‌ನ ಸರದಿ ಬರುವುದೇ ಇಲ್ಲ. ಆದರೆ ಎಲ್ಲವೂ ಎದ್ದ ಮೇಲೆಯೇ ಕನೆಕ್ಟರ್ ವಿನಂತಿಗಳನ್ನು ತೆಗೆದುಕೊಳ್ಳುತ್ತದೆ. ಆರ್ಡರ್ ತನ್ನ ಆರಂಭದಲ್ಲೇ ಮೊದಲ ಲೋಡ್ ಮುಗಿಸಿದರೆ ಸಾಕು. ಆ ಲೋಡ್ ವಿಫಲವಾಗಿ ಸ್ನ್ಯಾಪ್‌ಶಾಟ್ ಇಲ್ಲದಿದ್ದರೆ ಉಳಿದ ಸರ್ವಿಸ್‌ಗಳು 503 (ಸೇವೆ ಸದ್ಯ ಲಭ್ಯವಿಲ್ಲ) ಕೊಡುತ್ತವೆ.

ಹಳೆಯ ಲೋಡರ್ ಉಳಿದಿದೆಯೇ ಎಂದು ತಿಳಿಯಲು ಒಂದು ವಾರ್ ರೀಡೆಪ್ಲಾಯ್ ಮಾಡಿ ಜಿಸಿ (ಬೇಡದ ಆಬ್ಜೆಕ್ಟ್‌ಗಳನ್ನು ತೆರವು ಮಾಡುವ ಕೆಲಸ) ಓಡಿಸಿ, ಜೆವಿಎಂ ಪರೀಕ್ಷಿಸುವ ಜೆಸಿಎಂಡಿ (jcmd) ಆದೇಶದಲ್ಲಿ ಕ್ಲಾಸ್‌ಲೋಡರ್ ಸ್ಟ್ಯಾಟ್ಸ್ ನೋಡಿ. ನಮ್ಮ ಮೂರು ವಾರ್‌ಗೆ ಮೂರೇ ವೆಬ್‌ಆ್ಯಪ್ ಲೋಡರ್ ಇರಬೇಕು. ನಾಲ್ಕಿದ್ದರೆ ಹೀಪ್ ಡಂಪ್ (ಹೀಪ್‌ನ ಫೈಲ್ ಪ್ರತಿ) ತೆಗೆದು ಹಳೆಯ ಲೋಡರ್‌ನಿಂದ ಅದನ್ನು ಹಿಡಿದಿರುವ ಜಿಸಿ ರೂಟ್‌ವರೆಗಿನ ದಾರಿ ಹುಡುಕಬೇಕು.

ಎರಡನೇ ಟಾಮ್‌ಕ್ಯಾಟ್ ಬಂದರೆ ಇದು ಅಲ್ಲಿಗೆ ತಲುಪುವುದಿಲ್ಲ, ಹೀಪ್ ಒಂದು ಜೆವಿಎಂಗಷ್ಟೇ ಸೇರಿದ್ದು. ಆಗ ಹಲವು ಸರ್ವರ್‌ಗಳು ಹಂಚಿಕೊಳ್ಳಬಲ್ಲ ರೆಡಿಸ್ ಅಥವಾ ಹೇಝಲ್‌ಕಾಸ್ಟ್ ಕ್ಯಾಶ್ ತರಬಹುದು, ಆದರೆ ಪ್ರತಿ ಓದಿಗೂ ನೆಟ್‌ವರ್ಕ್ ಮತ್ತು ಸೀರಿಯಲೈಸೇಶನ್ (ಡೇಟಾವನ್ನು ಬೈಟ್‌ಗಳಾಗಿಸುವ) ಖರ್ಚು ಸೇರಿಕೊಳ್ಳಬಹುದು. ಅಪರೂಪಕ್ಕೆ ಬದಲಾಗುವ ಪಟ್ಟಿಗೆ ಪ್ರತಿ ಜೆವಿಎಂನಲ್ಲೂ ಇದೇ ವ್ಯವಸ್ಥೆ ಇಟ್ಟು, ಆವೃತ್ತಿ ಸಂಖ್ಯೆಯನ್ನು ಡೇಟಾಬೇಸಿನಿಂದ ಪಡೆದು, ಆರ್ಡರ್‌ನಿಂದ ಬಿಲ್ಲಿಂಗ್‌ಗೆ ಹೋಗುವ ಕರೆಯಲ್ಲಿ ಅದನ್ನೂ ಹೆಡರ್ ಆಗಿ ಕಳಿಸುತ್ತೇನೆ. ಸಂಖ್ಯೆ ತಾಳೆಯಾಗದಿದ್ದರೆ ಬಿಲ್ಲಿಂಗ್ ಆ ಬಿಲ್ ಹಾಕದೆ 409 (ಸಂಘರ್ಷ) ಕೊಡುತ್ತದೆ.