ಎಚ್ಚರ, ಹುಷಾರು, ಜೋಪಾನ: ಯಾವುದು ಎಲ್ಲಿ ಹೇಳಬೇಕು?

ಅಂಗಡಿಗೆ ಬೋರ್ಡ್ ಬರೆಸುವಾಗ, ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕುವಾಗ 'ಕಾಷನ್' ಅನ್ನೋ ಮಾತಿಗೆ ನಾವು ಸುಮ್ನೆ 'ಎಚ್ಚರಿಕೆ' ಅಂತ ಬರೆದುಬಿಡುತ್ತೇವೆ. ತಪ್ಪಲ್ಲ. ಆದರೆ ಬರೀ ಅಷ್ಟೇ ಬರೆದರೆ ಸಾಲದು.

ಹೋದ ಬೇಸಿಗೆಯಲ್ಲಿ ಕಲಬುರಗಿಯ ಒಂದು ಅಂಗಡಿ ಮೆಟ್ಟಿಲ ಹತ್ತಿರ 'ಎಚ್ಚರಿಕೆ!' ಅಂತ ಚೀಟಿ ಅಂಟಿಸಿದ್ದರು. ಏನಕ್ಕೆ ಅಂತ ತಿಳಿಯದೆ ಮೇಲೆ ಕರೆಂಟ್ ವೈರು ಇದೆಯಾ ಅಂತ ನೋಡುತ್ತಿದ್ದೆ, ಅಷ್ಟರಲ್ಲಿ ಆಗಷ್ಟೇ ಒರೆಸಿದ ಮೆಟ್ಟಿಲ ಮೇಲೆ ಕಾಲು ಜಾರಿ ಮಂಡಿ ಒಂದು ವಾರ ಊದಿಕೊಂಡಿತ್ತು. 'ಮೆಟ್ಟಿಲು ಒದ್ದೆ ಇದೆ, ಕಂಬಿ ಹಿಡಿದು ಇಳಿಯಿರಿ' ಅಂತ ಬರೆಯಬೇಕಿತ್ತು. ಏನಿದೆ, ಏನು ಮಾಡಬೇಕು, ಎರಡೂ ಇರಲಿ. ವಾಡಿ ಜಂಕ್ಷನ್ ಕಡೆ ರೈಲು ಹಳಿ ನೋಡಿದ್ದೀರಲ್ಲ? ಅಲ್ಲಿ ಒಂಟಿ ಹಳದಿ ದೀಪದ ಹೆಸರೇ ಕಾಷನ್. ಅದು ಡ್ರೈವರ್‌ಗೆ ಹೇಳುವುದೂ ಸ್ಪಷ್ಟ: ಬಾ, ಆದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲೋಕೆ ತಯಾರಾಗಿರು.

ಎಚ್ಚರ ಅಂದರೆ ನಿದ್ದೆಯಿಂದ ಏಳುವ ಎಚ್ಚರವೇ. 'ಎಚ್ಚರದಿಂದ ಓಡಿಸಿ' ಅನ್ನೋದು ಕಾಳಜಿಯ ಮಾತು. 'ಎಚ್ಚರಿಕೆ ಕೊಟ್ಟಿದ್ದೇನೆ' ಅಂದರೆ ಇನ್ನೊಮ್ಮೆ ಮಾಡಿದರೆ ಬಿಡಲ್ಲ ಅಂತ. ಹಿರಿಯರಿಗೆ ಅದನ್ನು ಹೇಳಬೇಡಿ, ಗದರಿದ ಹಾಗೆ ಕೇಳುತ್ತೆ. ಬಸ್ ಇಳಿಯುವ ಮುದುಕರಿಗೆ 'ಸಂಭಾಳಿಸ್ಕೊಂಡ್ ಇಳೀರಿ ಕಾಕಾ' ಅಂದರೆ ಎಷ್ಟು ಚಂದ, ಅಲ್ವಾ?

ಹುಷಾರು ಫಾರ್ಸಿ ಮೂಲದ ಮಾತು. ಫಾರ್ಸಿ ಬಳಸುತ್ತಿದ್ದ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಊರು ನಮ್ಮ ಕಲಬುರಗಿ, ಇಂಥ ಮಾತು ನಮಗೆ ಹೊರಗಿನದು ಅನ್ನಿಸೋದೇ ಇಲ್ಲ. ಇದನ್ನು ಬರೆಯುವಾಗ ಮಾತ್ರ ಹಿಂದಿನ ಪದದ 'ಗೆ' ಮೇಲೆ ಕಣ್ಣಿಡಿ. 'ಮಗ ಹುಷಾರಿಲ್ಲ' ಅಂದರೆ ಓದಿನಲ್ಲಿ ಹಿಂದೆ, 'ಮಗನಿಗೆ ಹುಷಾರಿಲ್ಲ' ಅಂದರೆ ಜ್ವರವೋ ನೆಗಡಿಯೋ. ನಮ್ಮ ಕಡೆ ಜಾಸ್ತಿ 'ಆರಾಮಿಲ್ಲ' ಅಂತಾರೆ, ಅದರಲ್ಲಿ ಗೊಂದಲವಿಲ್ಲ.

ಜೋಪಾನ ಬರುವುದು ಕೈಗೆ ಒಪ್ಪಿಸಿದ್ದಕ್ಕೆ: ಮಗು, ಒಡವೆ, ಕಾಗದಪತ್ರ.

ಇನ್ನು ಹಾಸ್ಟೆಲ್‌ನವರು ಕೇಳುವ 'ಕಾಷನ್ ಡೆಪಾಸಿಟ್'. ಅದನ್ನು 'ಎಚ್ಚರಿಕೆ ಹಣ' ಅಂದರೆ ಯಾರಿಗೂ ತಿಳಿಯಲ್ಲ. ಏನಾದರೂ ಮುರಿದರೆ, ಬಾಕಿ ಉಳಿದರೆ ಹಿಡಿದುಕೊಳ್ಳೋಕೆ ಅಂತ ಮೊದಲೇ ಇಟ್ಟುಕೊಳ್ಳುವ ಹಣ ಅದು. ಫೀಸಿನ ಹಾಗಲ್ಲ, ಬಿಡುವಾಗ ವಾಪಸ್ ಬರಬೇಕು. ಮನೆಯಲ್ಲಿ ಅವ್ವ ಅಪ್ಪನಿಗೆ ಹಾಗೇ ಬಿಡಿಸಿ ಹೇಳಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.